ಕಪ್ಪು ಮೈ, ಬಿಳಿ ಹೆಗಲು

ಅವರು ಎಲ್ಲವನ್ನೂ ತಟ್ಟಿ ನೋಡುತ್ತಿದ್ದರು. ದೊಡ್ಡಬಳ್ಳಾಪುರದ ಮಾರ್ಕೆಟ್ಟಿನಲ್ಲಿ ಕಲ್ಲಂಗಡಿ, ಬಸ್ಸಿನ ಕಂಬಿ, ನನ್ನ ಟಿಫನ್ ಡಬ್ಬಿಯ ಮುಚ್ಚಳ, ಹೊಸದಾಗಿ ಕೆಲಸಕ್ಕೆ ಸೇರಿದವರ ಹೆಲ್ಮೆಟ್ಟು. ಗೆಣ್ಣಿನಿಂದ ಒಮ್ಮೆ ತಟ್ಟಿ, ತಲೆ ಓರೆ ಮಾಡಿ, ಕಣ್ಣು ಅರ್ಧ ಮುಚ್ಚಿ ಕೇಳುತ್ತಿದ್ದರು. ಕಲ್ಲಂಗಡಿಯ ವಿಷಯದಲ್ಲಿ ಈ ವಿದ್ಯೆ ಫಲಿಸಿದ್ದನ್ನು ನಾನು ನೋಡಿಲ್ಲ. ಅವರು ಆರಿಸಿದ ಹಣ್ಣು ಕೊಯ್ದರೆ ಒಳಗೆ ಬೆಳ್ಳಗಿರುತ್ತಿತ್ತು. "ಹಣ್ಣು ಸುಳ್ಳು ಹೇಳ್ಬಿಡುತ್ತೆ ಕಣೇ. ಉಕ್ಕು ಹೇಳಲ್ಲ" ಎಂದು ಆ ಬಿಳಿ ಹಣ್ಣನ್ನೇ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದರು.

ಅವರು ನಿವೃತ್ತರಾಗಿ ತುಮಕೂರಿಗೆ ಹೋದ ಮೇಲೆ ಅವರ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನನಗೊಂದು ಅನುಮಾನ ಕಾಡುತ್ತದೆ. ನನಗೆ ನೆನಪಿರುವುದು ಅವರೋ, ಅಥವಾ ನಾನು ಅವರ ಬಗ್ಗೆ ಹತ್ತಾರು ಜನಕ್ಕೆ ಹೇಳಿ ಹೇಳಿ ತಿದ್ದಿಟ್ಟುಕೊಂಡ ಇನ್ನೊಬ್ಬರೋ? ಹಾಗಾಗಿ ಬೇರೆಯವರೂ ನೋಡಿದ್ದನ್ನು ಆ ಜನರ ಹತ್ತಿರವೇ ಕೇಳಿಕೊಂಡು ಬರೆಯುತ್ತಿದ್ದೇನೆ. ಕೇಳಲಾಗದ್ದು ಬಂದಾಗ ಹಾಗೆಂದೇ ಹೇಳುತ್ತೇನೆ.

ನಾವಿಬ್ಬರೂ ಕೆಲಸ ಮಾಡುತ್ತಿದ್ದದ್ದು ದೊಡ್ಡಬಳ್ಳಾಪುರದ ಆಚೆ, ಮೇಲೆ ಹತ್ತಿದರೆ ಮಾಕಳಿದುರ್ಗದ ಬೆಟ್ಟ ಕಾಣುವ ಒಂದು ಆಕ್ಸಿಜನ್ ಪ್ಲಾಂಟಿನಲ್ಲಿ. ದ್ರವರೂಪದ ಆಮ್ಲಜನಕ ಟ್ಯಾಂಕರಿನಲ್ಲಿ ಬರುತ್ತಿತ್ತು. ಅದನ್ನು ಅನಿಲವಾಗಿಸಿ ಸಿಲಿಂಡರಿಗೆ ತುಂಬಿ ಕಳಿಸುವುದು ನಮ್ಮ ಕೆಲಸ. ತುಂಬುವ ಸಾಲು ಎರಡು. ಒಂದು ಗೇಟು ಗ್ರಿಲ್ಲು ಮಾಡುವ, ಕಬ್ಬಿಣ ಕತ್ತರಿಸುವ ಶೆಡ್ಡುಗಳಿಗೆ, ಇನ್ನೊಂದು ಆಸ್ಪತ್ರೆಗಳಿಗೆ. ಶೆಡ್ಡಿನ ಸಿಲಿಂಡರಿಗೆ ಮೈಯೆಲ್ಲ ಕಪ್ಪು ಬಣ್ಣ. ಆಸ್ಪತ್ರೆಯದಕ್ಕೆ ಮೈ ಕಪ್ಪು, ಹೆಗಲು ಬಿಳಿ. ಅವರು ಗುಣಮಟ್ಟ ನೋಡುವ ವಿಭಾಗದ ಮುಖ್ಯಸ್ಥೆ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ನಾನು ಮಾಲು ಕಳಿಸುವ ವಿಭಾಗದಲ್ಲಿದ್ದೆ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಬೆನ್ನ ಹಿಂದೆ ಸುತ್ತಿಗೆ ಮೇಡಂ.

ಸೇರಿದ ಹೊಸದರಲ್ಲಿ ನಾನು ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದ್ದೆ. "ಎರಡೂ ಒಂದೇ ಟ್ಯಾಂಕಿಂದ ತಾನೇ ಮೇಡಂ ಬರೋದು? ಮತ್ತೆ ವ್ಯತ್ಯಾಸ ಏನು?"

"ನೀನು ಓದಿರೋದೇನು?"

"ಇತಿಹಾಸ. ಎಂ.ಎ."

"ಹಂಗಾದ್ರೆ ನಿಂಗೇ ಗೊತ್ತಿರ್ಬೇಕಲ್ಲೇ. ಗಾಳಿದೇನೂ ತಕರಾರಿಲ್ಲ. ಈ ಡಬ್ಬ ಇದಕ್ಕೆ ಮುಂಚೆ ಎಲ್ಲೆಲ್ಲಿ ತಿರುಗಿ ಬಂದಿದೆ, ಯಾರ ಸಹವಾಸ ಮಾಡಿದೆ, ಅದು ತಕರಾರು."

ಆಮೇಲೆ ಬಿಡಿಸಿ ಹೇಳಿದರು. ಶೆಡ್ಡಿನಲ್ಲಿ ಸಿಲಿಂಡರನ್ನು ಕೊನೆಯ ಉಸಿರಿನವರೆಗೆ ಖಾಲಿ ಮಾಡುತ್ತಾರೆ, ವಾಲ್ವು ತೆರೆದೇ ಬಿಟ್ಟು ಮನೆಗೆ ಹೋಗುತ್ತಾರೆ. ಒಳಗೆ ತೇವ ಸೇರುತ್ತದೆ, ತುಕ್ಕು ಹಿಡಿಯುತ್ತದೆ. ಒಮ್ಮೊಮ್ಮೆ ಪಕ್ಕದ ಸಿಲಿಂಡರಿನ ಉರಿಯುವ ಗ್ಯಾಸು ಪೈಪಿನಲ್ಲಿ ಹಿಂದಕ್ಕೆ ನುಗ್ಗಿ ಇದರೊಳಗೆ ಕೂರುತ್ತದೆ. ಕಬ್ಬಿಣ ಕತ್ತರಿಸಲು ಅದರಿಂದ ಅಷ್ಟೇನೂ ತೊಂದರೆಯಿಲ್ಲ, ಕಬ್ಬಿಣಕ್ಕೆ ಶ್ವಾಸಕೋಶ ಇಲ್ಲವಲ್ಲ. ಆಸ್ಪತ್ರೆಯ ಸಿಲಿಂಡರು ಬೇರೆ ಯಾವ ಕೆಲಸಕ್ಕೂ ಹೋಗಬಾರದು, ಪೂರ್ತಿ ಖಾಲಿಯಾಗಬಾರದು, ತುಂಬಿದ ಪ್ರತಿ ಸಲವೂ ಎಣ್ಣೆ, ತೇವ, ವಿಷಾನಿಲಗಳ ಪರೀಕ್ಷೆಯಲ್ಲಿ ಪಾಸಾಗಬೇಕು.

ಈ ಮಾತುಕತೆ ಇಷ್ಟು ಅಚ್ಚುಕಟ್ಟಾಗಿ ಒಂದೇ ಸಲಕ್ಕೆ ನಡೆದಿರಲಾರದು. ನಾಲ್ಕಾರು ಸಲ ಹೇಳಿದ್ದನ್ನು ನನ್ನ ತಲೆ ಒಂದು ಮಾಡಿಕೊಂಡಿದೆ. ಕಬ್ಬಿಣಕ್ಕೆ ಶ್ವಾಸಕೋಶ ಇಲ್ಲ ಎಂದದ್ದು ಮಾತ್ರ ಅವರೇ. ಅದಕ್ಕೆ ಸಾಕ್ಷಿಗಳಿದ್ದಾರೆ.

ಖಾಲಿ ಸಿಲಿಂಡರು ಬಂದರೆ ಹಿತ್ತಾಳೆಯ ಸಣ್ಣ ಸುತ್ತಿಗೆಯಿಂದ ಒಂದು ಏಟು. ಒಳಗೆ ಚೊಕ್ಕವಿದ್ದರೆ ಅದು ಗುಡಿಯ ಗಂಟೆಯಂತೆ ಎಳೆದು ಹಾಡುತ್ತಿತ್ತು. ತುಕ್ಕೋ ನೀರೋ ಇದ್ದರೆ ಮಡಕೆ ಬಡಿದಂತೆ ಸತ್ತ ದನಿ. ಹಾಡು ಮುಗಿಯುವವರೆಗೆ ಯಾರೂ ಮಾತಾಡುವಂತಿರಲಿಲ್ಲ. ಮೂಸುವುದು, ವಾಲ್ವು ನೋಡುವುದು, ಯಂತ್ರದ ಪರೀಕ್ಷೆ ಎಲ್ಲ ಮುಗಿದ ಮೇಲೆ ಒಂದೇ ಧಾಟಿಯಲ್ಲಿ ಹೇಳುತ್ತಿದ್ದರು: "ಕ್ಲೀನು. ಲೋಡ್ ಮಾಡ್ಕೊಳಪ್ಪಾ."

ಎಣ್ಣೆಯೆಂದರೆ ಅವರಿಗೆ ಆಗುತ್ತಿರಲಿಲ್ಲ. ಒತ್ತಡದಲ್ಲಿರುವ ಆಮ್ಲಜನಕಕ್ಕೆ ಎಣ್ಣೆ ತಾಗಿದರೆ ಹೊತ್ತಿಕೊಳ್ಳಲು ಬೆಂಕಿಕಡ್ಡಿ ಬೇಕಿಲ್ಲ. ಗೇಟಿನ ಎದುರು ಬಜ್ಜಿ ಅಂಗಡಿಯಿತ್ತು. ಟೀ ಮುಗಿಸಿ ಬಂದವರ ಕೈಯನ್ನು ಬಾಗಿಲಲ್ಲೇ ನಿಂತು ಮೂಸುತ್ತಿದ್ದರು. "ಮೆಣಸಿನಕಾಯಿ ಬಜ್ಜಿ. ಹೋಗಿ ಸೋಪು ಹಾಕಿ ತೊಳ್ಕೊಂಡ್ ಬಾ." "ತಿಂದೇ ಇಲ್ಲ ಮೇಡಂ." "ಹಂಗಾದ್ರೆ ಯಾರದೋ ಕೈ ಹಾಕ್ಕೊಂಡು ಬಂದಿದ್ದೀಯ, ಅದನ್ನೇ ತೊಳಿ." ತಾವೂ ಕೆಲಸದ ದಿನ ತಲೆಗೆ ಎಣ್ಣೆ ಹಾಕುತ್ತಿರಲಿಲ್ಲ. ಭಾನುವಾರ ಮಾತ್ರ ಎಣ್ಣೆ ಸುರಿದುಕೊಂಡು ಕೂರುತ್ತಿದ್ದರಂತೆ. ಸೋಮವಾರ ಕೂದಲು ಹುಲ್ಲಿನ ಮೆದೆಯಂತೆ ಎದ್ದಿರುತ್ತಿತ್ತು, ಅದರ ಮೇಲೊಂದು ಮೊಳ ಮಲ್ಲಿಗೆ.

ಆಯುಧಪೂಜೆಗೆ ಅವರದೇ ಶಾಸ್ತ್ರ. ಪ್ಲಾಂಟಿನವರು ಮೊದಲೆಲ್ಲ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಸಿಲಿಂಡರಿನ ಕುತ್ತಿಗೆಗೆ, ವಾಲ್ವಿಗೆ ಬಳಿಯುತ್ತಿದ್ದರಂತೆ. ಮೇಡಂ ಬಂದ ವರ್ಷವೇ ಕುಂಕುಮ ನೀರಿನಲ್ಲಿ ಕಲಸಬೇಕು, ಹೊಟ್ಟೆಯ ಭಾಗಕ್ಕೆ ಮಾತ್ರ ಇಡಬೇಕು ಎಂದರು. ಹಳೆಯ ಆಪರೇಟರೊಬ್ಬರು ಗೊಣಗಿದರು. "ದೇವರ ಕಾರ್ಯ ಮೇಡಂ, ನಡೆದ್ಕೊಂಡ್ ಬಂದಿರೋದು."

"ಹೊಟ್ಟೆಗೆ ಇಟ್ರೂ ದೇವರಿಗೆ ತಲುಪುತ್ತೆ. ಕುತ್ತಿಗೆಗೇ ಇಡು ಅಂತ ನಿಮ್ಮ ಹತ್ರ ಬಂದು ಕೇಳಿದ್ನಾ?"

ಅವರಲ್ಲಿ ವಿನಯ ಇತ್ತೆಂದು ಬರೆದರೆ ಸುಳ್ಳಾಗುತ್ತದೆ. ಇಲ್ಲಿನ ಮಗ್ಗದ ರೇಷ್ಮೆ ಸೀರೆಯುಟ್ಟು, ಮೇಲೆ ಬಿಳಿ ಕೋಟು ತೊಟ್ಟು, ತನಿಖೆಗೆ ಬಂದ ಅಧಿಕಾರಿಗಳ ಮುಂದೆ, "ನನ್ನ ಕಿವಿಯಂಥ ಕಿವಿ ಈ ಜಿಲ್ಲೆಯಲ್ಲಿಲ್ಲ. ಬೇಕಾದ್ರೆ ವಿಚಾರಿಸಿ" ಎನ್ನುತ್ತಿದ್ದರು. ಯಾರ ಹತ್ತಿರ ವಿಚಾರಿಸಬೇಕೆಂದು ಅವರೂ ಹೇಳುತ್ತಿರಲಿಲ್ಲ, ಇವರೂ ಕೇಳುತ್ತಿರಲಿಲ್ಲ.

ಕೊರೊನಾ ಎರಡನೇ ಅಲೆ ಬಂದಾಗ ನಮ್ಮ ಟ್ಯಾಂಕಿನಲ್ಲಿ ಆಮ್ಲಜನಕಕ್ಕೆ ಕೊರತೆಯಿರಲಿಲ್ಲ. ತುಂಬಿ ಕೊಡಲು ಸಿಲಿಂಡರು ಇರಲಿಲ್ಲ. ಬಿಳಿ ಹೆಗಲಿನವೆಲ್ಲ ಎಲ್ಲೆಲ್ಲೋ ರೋಗಿಗಳ ಮಂಚದ ಪಕ್ಕ ನಿಂತಿದ್ದವು. ಶೆಡ್ಡುಗಳ ಸಿಲಿಂಡರನ್ನು ಶುದ್ಧ ಮಾಡಿ ಆಸ್ಪತ್ರೆಗೆ ಕೊಡಬಹುದೆಂದು ಮೇಲಿನಿಂದ ಅನುಮತಿ ಬಂದಿತ್ತು. ದೇವನಹಳ್ಳಿ ರಸ್ತೆಯಲ್ಲಿ ಗ್ರಿಲ್ ಶೆಡ್ಡು ಇಟ್ಟುಕೊಂಡಿದ್ದ ಮುನಿರಾಜುಗೆ ಮೇಡಂ ಫೋನು ಮಾಡಿದರು. ಲಾಕ್‌ಡೌನಿನಲ್ಲಿ ಕೆಲಸ ನಿಂತು ಶೆಡ್ಡುಗಳವರೆಲ್ಲ ಸುಮ್ಮನೆ ಕೂತಿದ್ದರು. ಮುನಿರಾಜುವಿನ ಹೆಂಡತಿ ನಾಗರತ್ನ ಪಟ್ಟಣದ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದಳು. "ಶೆಡ್ಡುಗಳಲ್ಲಿರೋ ಖಾಲಿ ಸಿಲಿಂಡರೆಲ್ಲ ಒಟ್ಟು ಮಾಡ್ಕೊಂಡ್ ಬಾ. ಹಂಗೇ ಆ ಆಸ್ಪತ್ರೆಯ ಖಾಲಿಗಳನ್ನೂ ಹಾಕ್ಕೊಂಡ್ ಬಾ. ಅವನ್ನ ಮೊದಲು ತುಂಬಿಸಿ ಕಳಿಸ್ತೀನಿ, ಶೆಡ್ಡಿಂದನ್ನ ಆಮೇಲೆ ತೊಳ್ಯೋಣ" ಎಂದರು.

ಮರುದಿನ ಬೆಳಿಗ್ಗೆ ಲಾರಿ ಬಂತು. ಹಿಂದೆ ಟೆಂಪೋದಲ್ಲಿ ಶೆಡ್ಡುಗಳವರು. ಲಾರಿಯ ಹಿಂಬದಿ ತೆಗೆದಾಗ ನಾನು ಸಂತೋಷಪಟ್ಟೆ ಎಂದು ಈಗಲೂ ಒಪ್ಪಿಕೊಳ್ಳಬೇಕು. ಎಷ್ಟು ಚೆನ್ನಾಗಿ ಕಾಣುತ್ತಿತ್ತು ಆ ಸಾಲು. ಎಲ್ಲಕ್ಕೂ ಹೊಸ ಬಿಳಿ ಹೆಗಲು. ಎಲ್ಲದರ ಕುತ್ತಿಗೆಗೂ ಕುಂಕುಮ, ವಾಲ್ವಿಗೊಂದೊಂದು ಚೆಂಡುಹೂವು.

ಮೇಡಂ ನೋಡಿದರು. ಒಂದು ಹೆಗಲ ಮೇಲೆ ಬೆರಳಾಡಿಸಿದರು.

"ಹೆಗಲು ಬಿಳಿ ಇದ್ರೇ ಆಸ್ಪತ್ರೆದು ಅಂತ ನೀವೇ ಹೇಳ್ತಿದ್ರಲ್ಲ ಮೇಡಂ. ನಿಮಗೊಂದು ಕೆಲಸ ಕಮ್ಮಿಯಾಗ್ಲಿ ಅಂತ ನಾವೇ ಪೇಂಟು ಹೊಡೆದ್ಬಿಟ್ವಿ" ಎಂದ ಮುನಿರಾಜು. ಮಾಸ್ಕಿನ ಮೇಲೆ ಕಣ್ಣು ಕೆಂಪಾಗಿತ್ತು.

"ಆಸ್ಪತ್ರೆಯಿಂದ ತಂದವಕ್ಕೂ ಹೊಡೆದ್ರಾ?"

"ಅವು ಕೊಳಕಾಗಿದ್ವು. ಎಲ್ಲಾ ಒಂದೇ ಥರ ಇರ್ಲಿ ಅಂತ."

"ಅವು ಯಾವುವು, ನಿಮ್ಮವು ಯಾವುವು?"

ಮುನಿರಾಜು ಲಾರಿಯ ಕಡೆ ತಿರುಗಿದ. ಟೆಂಪೋದವರೂ ತಿರುಗಿದರು. ಒಬ್ಬರಿಗೂ ಗೊತ್ತಿರಲಿಲ್ಲ. ಹೆಗಲ ಮೇಲೆ ಕೊರೆದ ನಂಬರುಗಳನ್ನು ಬಣ್ಣ ತುಂಬಿಬಿಟ್ಟಿತ್ತು. ಅದು ಕಂಡಿದ್ದರೂ ಉಪಯೋಗವಿರಲಿಲ್ಲ, ಆಸ್ಪತ್ರೆಯವರು ಅಲ್ಲಿ ಇಲ್ಲಿ ಬೇಡಿ ತಂದ, ಯಾವ ಪಟ್ಟಿಯಲ್ಲೂ ಇಲ್ಲದ ಸಿಲಿಂಡರುಗಳು ಅವು.

ಮೇಡಂ ಒಂದರ ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿ ಮೂಸಿದರು. "ಕೊಬ್ಬರಿ ಎಣ್ಣೆ."

"ಜೀವ ಉಳಿಸೋ ವಸ್ತು ಮೇಡಂ. ಪೂಜೆ ಮಾಡ್ದೆ ಹೆಂಗೆ ಕಳಿಸೋದು?"

ಆಸ್ಪತ್ರೆಯಿಂದ ನನ್ನ ಫೋನಿಗೆ ಕರೆ ಬಂದದ್ದು ಆಗ. ಇರುವುದು ಮಧ್ಯಾಹ್ನದವರೆಗೆ ಬರಬಹುದು, ಆಮೇಲೆ ಇಲ್ಲ ಎಂದರು. ನಾನು ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿದೆನೋ, ಮೇಡಂಗೆ ಮಾತ್ರ ಹೇಳಿದೆನೋ ಗೊತ್ತಿಲ್ಲ. ಮುನಿರಾಜುಗಂತೂ ಕೇಳಿಸಿತ್ತು.

ಅವನೇ ಮೇಡಂ ಕೈಯಿಂದ ಸುತ್ತಿಗೆ ತೆಗೆದುಕೊಂಡು ಹತ್ತಿರದ ಸಿಲಿಂಡರಿಗೆ ಒಂದು ಕೊಟ್ಟ. ಅದು ಉದ್ದಕ್ಕೆ ಹಾಡಿತು. "ಕೇಳಿ, ಚೆನ್ನಾಗೇ ಇದೆಯಲ್ಲ. ತುಂಬ್ಸಿ ಮೇಡಂ."

"ಚೆನ್ನಾಗಿದೆ. ಒಳಗೆ ತುಕ್ಕಿಲ್ಲ, ನೀರಿಲ್ಲ. ಮುಂಚೆ ಯಾವ ಗ್ಯಾಸು ಹೊಕ್ಕಿತ್ತು ಅಂತ ಸುತ್ತಿಗೆ ಹೇಳಲ್ಲಪ್ಪಾ." ಅದರ ವಾಲ್ವನ್ನು ಒರೆಸಿ, ಕೂದಲೆಳೆಯಷ್ಟು ತೆರೆದು, "ಬಾ ಇಲ್ಲಿ. ಮಾಸ್ಕು ಇಳಿಸು. ಮೂಸು" ಎಂದರು.

ಮುನಿರಾಜು ಬಗ್ಗಿದ. ಹಿಂದಕ್ಕೆ ಸರಿದ. ವೆಲ್ಡಿಂಗ್ ಗ್ಯಾಸಿನ ಬೆಳ್ಳುಳ್ಳಿಯಂಥ ವಾಸನೆ ನನಗೂ ಬಡಿಯಿತು.

"ಇದನ್ನ ನಾಗರತ್ನನ ಮೂಗಿಗೆ ಹಿಡೀಲಾ, ಹೇಳು. ನೀನು ಹೂಂ ಅಂದ್ರೆ ತುಂಬಿಸ್ತೀನಿ."

ಅವನು ತಲೆಯಾಡಿಸಿದ, ಬೇಡವೆಂದು.

ಆ ಲಾರಿಯಲ್ಲಿ ಆಸ್ಪತ್ರೆಯ ಸಿಲಿಂಡರುಗಳಿದ್ದವು. ಒರೆಸಿ, ಪರೀಕ್ಷಿಸಿ, ತುಂಬಿದರೆ ಸಾಕು, ಮಧ್ಯಾಹ್ನದೊಳಗೆ ಹೊರಡಬಹುದು. ಆದರೆ ಅವು ಒಳ್ಳೆಯ ಮನಸ್ಸಿನಿಂದ ಬಳಿದ ಬಣ್ಣದ ಕೆಳಗೆ ಅಡಗಿ ಕೂತಿದ್ದವು. ಎಲ್ಲವನ್ನೂ ಬಿಚ್ಚಿ ತೊಳೆದು ಒಣಗಿಸುತ್ತ ಕೂತರೆ ಸಂಜೆ. ಎಲ್ಲದಕ್ಕೂ ಇಂಥ ವಾಸನೆ ಇರುವುದೂ ಇಲ್ಲ, ಬರೀ ಮೂಗನ್ನು ನಂಬಿ ಆರಿಸುವಂತಿರಲಿಲ್ಲ.

ಬಣ್ಣ ಕೆರೆದು ನೋಡುವ ಯೋಚನೆ ಹೊಳೆದದ್ದು ಇಲ್ಲಿ. ಅದು ನನ್ನದೆಂದು ನಾನು ಬಹಳ ಕಾಲ ನಂಬಿದ್ದೆ. ಓದುವಾಗ ರಾಜಘಟ್ಟದ ಉತ್ಖನನದ ಜಾಗಕ್ಕೆ ನಮ್ಮನ್ನು ಕರೆದುಕೊಂಡು ಹೋಗಿದ್ದರು. ಮಣ್ಣಿನ ಪದರ ಒಂದೊಂದೇ ತೋರಿಸಿ, ಮೇಲಿನದು ಹೊಸದು, ಕೆಳಗಿನದು ಹಳೆಯದು ಎಂದು ಹೇಳಿಕೊಟ್ಟಿದ್ದರು. ಅದು ನೆನಪಾಗಿ ನಾನೇ ಹೇಳಿದೆ ಎಂದುಕೊಂಡಿದ್ದೆ. ಲಾರಿ ಡ್ರೈವರನ್ನು ಈಚೆಗೆ ಕೇಳಿದರೆ, "ನೀವೆಲ್ಲಿ ಹೇಳಿದ್ರಿ ಅಕ್ಕಾ, ನೀವು ಫೋನಲ್ಲಿದ್ರಿ. ಮುನಿರಾಜಣ್ಣ ಬೀಗದ ಕೈಯಲ್ಲಿ ಕೆರೆದಿದ್ದು" ಎಂದ. ಹೊಳೆದದ್ದು ಮೇಡಂಗೆ ಎನ್ನುತ್ತಾನೆ ಮುನಿರಾಜು. ಮೇಡಂ, ಕೇಳುವುದೇ ಬೇಡ, ತಮಗೇ ಎನ್ನುತ್ತಾರೆ. ಯಾರದಾದರೂ ಆಗಲಿ. ಒಂದು ಸಿಲಿಂಡರಿನ ಹೆಗಲ ಮೇಲೆ ಬಣ್ಣ ಕೆರೆದಾಗ ಕಪ್ಪು ಕಂಡಿತು. ಪಕ್ಕದ್ದರಲ್ಲಿ ಹೊಸ ಬಿಳಿಯ ಕೆಳಗೆ ಹಳದಿಗಟ್ಟಿದ ಹಳೇ ಬಿಳಿ.

"ಇದು ನಮ್ಮದು" ಎಂದರು ಮೇಡಂ. ಅವರ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಡ್ರೈವರಿಗೂ ಹಾಗೇ ಕೇಳಿಸಿತಂತೆ.

ಆಮೇಲೆ ಅಂಗಳದಲ್ಲಿ ಶುರುವಾದದ್ದು ಒಂದು ಜಾತ್ರೆ. ಗ್ರಿಲ್ಲು ಕೆರೆಯುವ ಉಳಿ, ತಂತಿ ಬ್ರಷ್ಷು ಹಿಡಿದು ಶೆಡ್ಡುಗಳವರು ಸಾಲಿಗೆ ಬಿದ್ದರು. "ಲೇ, ಇದು ಕಪ್ಪು, ಈ ಕಡೆ ಉರುಳಿಸ್ಲಾ." "ಬಿಳಿ, ಬಿಳಿ, ಹುಷಾರು." ತಾವೇ ನಿನ್ನೆ ಬಳಿದ ಬಣ್ಣವನ್ನು ಬೈದುಕೊಳ್ಳುತ್ತ ಕೆರೆದರು. "ಎಂಥಾ ಪೇಂಟು ತಂದ್ಯೋ, ಬಿಡಂಗೇ ಇಲ್ಲ." "ಒಳ್ಳೇ ಕಂಪ್ನೀದು ಕಣೋ, ಪುಣ್ಯದ ಕೆಲಸ ಅಂತ ತಂದೆ." ಆರಿಸಿದವುಗಳಿಂದ ಎಣ್ಣೆ ಕುಂಕುಮವನ್ನು ದ್ರಾವಕದಲ್ಲಿ ಒರೆಸಬೇಕಿತ್ತು, ವಾಲ್ವು ಬಿಚ್ಚಿ ತೊಳೆದು ಮತ್ತೆ ಕೂರಿಸಬೇಕಿತ್ತು. ನಮ್ಮ ಆಪರೇಟರುಗಳಲ್ಲಿ ಅರ್ಧ ಜನ ಜ್ವರ ಬಂದು ಮಲಗಿದ್ದರು. ಆ ಕೆಲಸಕ್ಕೆ ಬೇಕಾದ ತೋಳು ಶೆಡ್ಡುಗಳವರದು. ಮೇಡಂ ಪ್ರತಿಯೊಬ್ಬರ ಕೈಯನ್ನೂ ಮೂಸಿ ಒಳಗೆ ಬಿಟ್ಟರು.

ನಡುವೆ ಒಂದು ಸಿಲಿಂಡರು ಜಗಳ ತಂದಿತು. ಕೆರೆದರೆ ಹೊಸ ಬಿಳಿ, ಅದರ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಮತ್ತೆ ಬಿಳಿ. ಯಾವ ಕಾಲದಲ್ಲೋ ಆಸ್ಪತ್ರೆಯದಾಗಿದ್ದು, ಶೆಡ್ಡು ಸೇರಿ, ಈಗ ವಾಪಸು ಬಂದಿತ್ತು.

"ಬುಡದಲ್ಲಿ ಬಿಳಿ ಇದೆಯಲ್ಲ ಮೇಡಂ, ಹುಟ್ಟಿದ್ದು ಆಸ್ಪತ್ರೆಗೇ. ಸೇರಿಸ್ಕೊಳಿ" ಎಂದ ಮುನಿರಾಜು. ಒಂದು ಸಿಲಿಂಡರೆಂದರೆ ಎಷ್ಟು ಹೊತ್ತಿನ ಉಸಿರು ಎಂಬ ಲೆಕ್ಕ ಅವನ ತಲೆಯಲ್ಲಿ ಓಡುತ್ತಿತ್ತು.

"ಹುಟ್ಟಿದ್ದು ಯಾರು ಕೇಳಿದ್ರು? ನಡುವೆ ಎಲ್ಲಿತ್ತು? ಪಕ್ಕಕ್ಕಿಡು. ತೊಳ್ಯೋ ಸಾಲು."

"ನಿಮ್ಮ ಹಟಕ್ಕೆ ಅಲ್ಲಿ ಜನ ಸಾಯ್ತಾರೆ."

"ಈ ಸಿಲಿಂಡರಿಂದ ಸಾಯಲ್ಲ. ಪಕ್ಕಕ್ಕಿಡು ಅಂದೆ."

ಅವನು ಇಟ್ಟ. ಜೋರಾಗಿ ಇಟ್ಟ.

ಬಿಳಿಯವು ತುಂಬಿದವು, ಪರೀಕ್ಷೆಯಾಯಿತು. ಪ್ರತಿಯೊಂದಕ್ಕೂ ಬೇರೆಬೇರೆಯಾಗಿ, ಎಂದಿನ ಧಾಟಿಯಲ್ಲೇ, ಆತುರವಿಲ್ಲದೆ ಹೇಳಿದರು: "ಕ್ಲೀನು. ಲೋಡ್ ಮಾಡ್ಕೊಳಪ್ಪಾ." ಲಾರಿ ಮಧ್ಯಾಹ್ನಕ್ಕೆ ಮೊದಲೇ ಹೊರಟಿತು. ಮುನಿರಾಜು ಹತ್ತಲು ಹೋದ. ಮೇಡಂ ಅವನ ಶರ್ಟು ಹಿಡಿದು ಇಳಿಸಿದರು.

"ಅಲ್ಲಿ ಹೋಗಿ ಏನ್ಮಾಡ್ತೀಯ? ಒಳಗೆ ಬಿಡಲ್ಲ, ಗೇಟಲ್ಲಿ ನಿಲ್ಲಿಸ್ತಾರೆ. ಈ ಲೋಡು ಸಂಜೆವರೆಗೆ ಸಾಕಾಗುತ್ತೆ. ಸಂಜೆ ಮೇಲಿಂದು ಇಲ್ಲಿದೆ, ತೊಳೀದೆ ಬಿದ್ದಿದೆ. ನಿನ್ ತೋಳು ನಂಗಿಲ್ಲಿ ಬೇಕು."

ಅವನು ಲಾರಿ ತಿರುವು ದಾಟುವವರೆಗೆ ನೋಡಿದ. ಆಮೇಲೆ ಬಂದು ಮೊದಲು ಎತ್ತಿಕೊಂಡದ್ದು ಆ ಮೂರು ಪದರದ ಸಿಲಿಂಡರನ್ನೇ.

ಮಧ್ಯಾಹ್ನವೆಲ್ಲ ಬಿಸಿನೀರು, ಸೋಪು, ಬಿಸಿಗಾಳಿ, ದೀಪ ಇಳಿಸಿ ಒಳಗೆ ಇಣುಕುವುದು. ಒಳಗಿನ ಹಳೆಯ ಗಾಳಿಯನ್ನು ಪೂರ್ತಿ ಎಳೆದು, ಶುದ್ಧ ಆಮ್ಲಜನಕ ಬಿಟ್ಟು, ಮತ್ತೆ ಎಳೆದು, ಮತ್ತೆ ಬಿಟ್ಟು. ಕೆಲವು ಎಷ್ಟು ತೊಳೆದರೂ ವಾಸನೆ ಬಿಡಲಿಲ್ಲ. ಅವನ್ನು ಮೇಡಂ ಶೆಡ್ಡಿಗೇ ವಾಪಸು ಕಳಿಸಿದರು. ಪಾಸಾದವಕ್ಕೆ ಮಾತ್ರ ಹೆಗಲಿಗೆ ಮತ್ತೆ ಬಿಳಿ. ಮುನಿರಾಜು ತೊಳೆದ ಆ ಮೂರು ಪದರದ್ದೂ ಪಾಸಾಯಿತು. ಸಂಜೆಯ ಬೆಳಕಿರುವಾಗಲೇ ಎರಡನೇ ಲೋಡು ಹೊರಟಿತು. ಆಸ್ಪತ್ರೆಯಿಂದ ಫೋನು ಬಂತು, ಮೊದಲಿನದು ಇನ್ನೂ ನಡೆಯುತ್ತಿದೆ, ಒಂದು ಮಂಚಕ್ಕೂ ನಿಂತಿಲ್ಲ ಎಂದು. ಈ ಸಲ ಸ್ಪೀಕರ್ ಹಾಕಿದ್ದೆ, ಖಂಡಿತ ನೆನಪಿದೆ. ಟೆಂಪೋದ ಪಕ್ಕ ಕೂತಿದ್ದವರು ತಟ್ಟೆ, ಸ್ಪ್ಯಾನರು, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದು ಸದ್ದು ಮಾಡಿದರು. ಮುನಿರಾಜು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡ, ತುಂಬಾ ಹೊತ್ತು ತೊಳೆದುಕೊಂಡ.

"ಜಿಲ್ಲೆಗೆ ಒಬ್ಳೇ ನಾನು" ಎಂದರು ಮೇಡಂ, ಖಾಲಿ ಡ್ರಮ್ಮಿನ ಮೇಲೆ ಕೂತು. ಆ ದಿನ ಯಾರೂ ನಗಲಿಲ್ಲ. ಆಮೇಲೆ, ಮೊದಲ ಸಲ, ಬಜ್ಜಿ ತರಿಸಿ ಎಲ್ಲರಿಗೂ ಕೊಡಿಸಿದರು. ಅಂಗಡಿ ಮುಚ್ಚಿದ್ದವನನ್ನು ಮನೆಯಿಂದ ಕರೆಸಿ ಮಾಡಿಸಿದ್ದು. ಗೇಟಿನ ಹೊರಗೆ ನಿಂತು ತಿನ್ನಬೇಕೆಂಬ ಷರತ್ತು ಮಾತ್ರ ಬಿಡಲಿಲ್ಲ.

ನಾಗರತ್ನ ಕೆಲವು ವಾರಗಳಾದ ಮೇಲೆ ಮನೆಗೆ ಬಂದಳು. ಅವಳು ಕುಂದಾಣದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವಳು. ಶಾಲೆ ತೆರೆದಾಗ ಮತ್ತೆ ಕೆಲಸಕ್ಕೆ ಹೋದಳು.

ಇನ್ನುಳಿದದ್ದು ಮೇಡಂ ನಿವೃತ್ತರಾದ ದಿನ. ಇದಕ್ಕೆ ನಾನು ಯಾರನ್ನೂ ಕೇಳಬೇಕಾಗಿಲ್ಲ, ಫೋನಿನಲ್ಲಿ ವಿಡಿಯೊ ಇದೆ. ಹಾರ, ಭಾಷಣ ಮುಗಿದ ಮೇಲೆ ಅಂಗಳಕ್ಕೆ ಶೆಡ್ಡುಗಳವರ ಅದೇ ಟೆಂಪೋ ಬಂತು. ಮುನಿರಾಜು, ಇನ್ನಿಬ್ಬರು ಸೇರಿ ಒಂದು ಭಾರವಾದ ವಸ್ತು ಇಳಿಸಿ ಕಬ್ಬಿಣದ ಸ್ಟ್ಯಾಂಡಿಗೆ ನೇತುಹಾಕಿದರು. ಆಯುಸ್ಸು ಮುಗಿದು ಗುಜರಿಗೆ ಹಾಕಿದ ಸಿಲಿಂಡರನ್ನು ಅರ್ಧಕ್ಕೆ ಕತ್ತರಿಸಿ ಮಾಡಿದ ಗಂಟೆ. ಮೈ ಕಪ್ಪು, ಹೆಗಲು ಬಿಳಿ.

"ನಮ್ಮ ಶಾಲೆಗೆ" ಎಂದಳು ನಾಗರತ್ನ. "ನೀವು ನೋಡ್ದೆ ತಗೊಂಡ್ ಹೋಗಲ್ಲ ಅಂದೆ."

ಗಂಟೆಯ ಹೊಟ್ಟೆಗೆ ಕುಂಕುಮವಿತ್ತು. ಮೇಡಂ ಬೆರಳಿಂದ ತೆಗೆದು ಉಜ್ಜಿದರು, ಮೂಸಿದರು. "ನೀರು" ಎಂದರು. ವಿಡಿಯೊದಲ್ಲಿ ಇಲ್ಲಿ ಎಲ್ಲರೂ ನಗುವುದು ಕೇಳುತ್ತದೆ. ಕೋಟಿನ ಜೇಬಿನಿಂದ ಸುತ್ತಿಗೆ ತೆಗೆದು ಒಂದು ಏಟು ಕೊಟ್ಟರು. ಹಾಡು ಅಂಗಳ ದಾಟಿ ರಸ್ತೆಗೆ ಹೋಯಿತು. ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ.

"ಏನ್ ಮೇಡಂ, ಪಾಸಾ?" ಎಂದ ಮುನಿರಾಜು.

ಮೇಡಂ ಸುತ್ತಿಗೆಯನ್ನು ನಾಗರತ್ನನ ಕೈಗಿಟ್ಟರು. ಅವಳನ್ನು ಭುಜ ಹಿಡಿದು ತಿರುಗಿಸಿ ನಿಲ್ಲಿಸಿ, "ಉಸಿರು ಎಳ್ಕೋ ನೋಡಣ, ಪೂರ್ತಿ" ಎಂದರು. ಅವಳು ಎಳೆದುಕೊಂಡಳು. ಬೆನ್ನ ಮೇಲೆ ಗೆಣ್ಣಿನಿಂದ ಒಮ್ಮೆ ತಟ್ಟಿ, ತಲೆ ಓರೆ ಮಾಡಿ, ಕಣ್ಣು ಅರ್ಧ ಮುಚ್ಚಿ, ಎಲ್ಲರೂ ಕಾಯುವಷ್ಟು ಹೊತ್ತು ಕೇಳಿದರು.

"ಕ್ಲೀನು" ಎಂದರು ಮುನಿರಾಜುಗೆ. "ಲೋಡ್ ಮಾಡ್ಕೊಳಪ್ಪಾ."